ಪಕ್ಕದ ಸಾಲು

ಪರದೇಶದ ನ್ಯೂ ಲಿನ್ ಬಡಾವಣೆಯ ಒಂದು ವೃದ್ಧಾಶ್ರಮದಲ್ಲಿ ಮಧ್ಯಾಹ್ನದ ಊಟದ ಹೊತ್ತಾಯಿತೆಂದರೆ ಕಬ್ಬು ಬೆಳೆಯತೊಡಗುತ್ತಿತ್ತು. ಕಾರಿಡಾರಿನ ಹಸಿರು ಪಟ್ಟೆಯ ಕಾರ್ಪೆಟ್ಟಿನಿಂದೆದ್ದು ಸೂರಿಗೆ ತಾಗುತ್ತಿತ್ತು. ಕಾಣುತ್ತಿದ್ದುದು ನಟರಾಜ ತಾತನೊಬ್ಬನಿಗೇ. ಎಂಬತ್ತೊಂಬತ್ತರ ಮುದುಕ ನಡು ಬಗ್ಗಿಸಿ, ಕೈಯಲ್ಲಿಲ್ಲದ ಕತ್ತಿ ಬೀಸುತ್ತ, ಒಂದೇ ಪಟ್ಟೆ ಹಿಡಿದು ನಡೆಯುತ್ತಿದ್ದ.

"ಸಾಲು ಮುಗಿದಿಲ್ಲ. ಉಣ್ಣಂಗಿಲ್ಲ."

ಆ ಕಬ್ಬು ಅವನ ಅಜ್ಜಿ ಕಡಿದದ್ದು. ಬಳ್ಳಾರಿ ಸೀಮೆಯ ಸಂತೆಯಲ್ಲಿ ನಗುಮೊಗದವನೊಬ್ಬ, ಸಕ್ಕರೆ ಜರಡಿ ಹಿಡಿಯುವ ಕೆಲಸ, ಮದರಾಸಿನಾಚೆ ಚೂರು ದೂರ ಎಂದು ಅವಳ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಹಡಗು ನಿಂತದ್ದು ಫಿಜಿಯಲ್ಲಿ. ಐದು ವರ್ಷ ಬಿಟ್ಟು ಹೋಗುವಂತಿಲ್ಲ, ದಿನಕ್ಕಿಷ್ಟು ಸಾಲು ಕಬ್ಬು ಕಡಿಯಬೇಕು, ತಪ್ಪಿದರೆ ಜೈಲು. ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಅವಳು ಇದನ್ನೆಲ್ಲ ಹೇಳಿದ್ದಳು. ಈಗ ಮರೆವು ಅವನ ಇಂಗ್ಲಿಷನ್ನು, ಫಿಜಿಯ ಹಿಂದಿಯನ್ನು, ಮಕ್ಕಳ ಹೆಸರುಗಳನ್ನು ಒಯ್ದು, ಅಜ್ಜಿಯ ಕನ್ನಡವನ್ನೂ ಅಜ್ಜಿಯ ಕಬ್ಬನ್ನೂ ಬಿಟ್ಟಿತ್ತು.

"ತಿಂಗಳದಾಗ ಆರು ಕಿಲೋ ಇಳದಾನ ಹರ್ಷಿಣಿ," ಅಂದರು ಹೆಡ್‌ನರ್ಸ್ ಸಯೀದಾ ಆಂಟಿ, ಹುಬ್ಬಳ್ಳಿಯವರು. "ಇವತ್ತೂ ಉಣ್ಣಲಿಲ್ಲಾಂದ್ರ ನಾಳೆ ಹಾಸ್ಪಿಟಲ್‌ಗೆ ಕಳಸ್ತಾರ. ಅಲ್ಲಿ ಅವನ ಕನ್ನಡ ಯಾರಿಗೆ ತಿಳೀಬೇಕು? ನೀನರ ಏನರ ಮಾಡವಾ."

ಹೊಸಪೇಟೆಯ ಹರ್ಷಿಣಿ ಹೋದ ವಾರ ಏನೋ ಮಾಡಿದ್ದಳು, ಅದು ತಪ್ಪಾಗಿತ್ತು. ನರ್ಸುಗಳ ರೂಢಿಯಂತೆ ಚಾರ್ಟಿನ ಹಲಗೆ ಎದೆಗವಚಿಕೊಂಡು, "ನಿನ್ ಸಾಲು ಆತು ತಾತ, ಬರ್ಕಂಡೀನಿ, ಉಣ್ಣು ಬಾ" ಅಂದಿದ್ದಳು. ತಾತ ಹಲಗೆ ನೋಡಿ ತಲೆಗೆ ಎರಡೂ ಕೈ ಅಡ್ಡ ಹಿಡಿದಿದ್ದ. "ಹೊಡೀಬ್ಯಾಡ ಸರದಾರಪ್ಪ!" ಫಿಜಿಯಲ್ಲಿ ಕೂಲಿಗಳಿಗೆ ಸಾಲು ಅಳೆದು ಕೊಟ್ಟು, ಕೋಲು ಹಿಡಿದು ಲೆಕ್ಕ ಬರೆದುಕೊಳ್ಳುತ್ತಿದ್ದವನು ಸರದಾರ. ಅವತ್ತಿನಿಂದ ಅವಳು ತಂದ ತಟ್ಟೆಯನ್ನು ಅವನು ಮುಟ್ಟಿರಲಿಲ್ಲ.

ಇವತ್ತು ಅವಳು ಬರಿಗೈಲಿ ಬಂದಳು. ಬೂಟು ಬಿಚ್ಚಿಟ್ಟು ಪಕ್ಕದ ಪಟ್ಟೆಯಲ್ಲಿ ನಿಂತು, ಬಗ್ಗಿದಳು. ಬೀಸಿದಳು. ಮೊದಲು ನಾಚಿಕೆಯಾಯಿತು. ಎರಡನೆಯ ಬಾಗಿಲು ದಾಟುವಷ್ಟರಲ್ಲಿ ಕಬ್ಬಿನ ಗರಿಯಂಚು ಮುಂಗೈ ಗೀರಿತು. ಮೂರನೆಯದರಲ್ಲಿ ಕಾಲಡಿ ಮಣ್ಣು ಬಿಸಿಯಾಯಿತು. ಆಮೇಲೆ ಬಾಗಿಲುಗಳೇ ಇರಲಿಲ್ಲ, ಗರಿಗಳಾಚೆ ಎಲ್ಲೋ ಸಮುದ್ರ ಉಸಿರಾಡುತ್ತಿತ್ತು.

"ಯಾವೂರಾಕಿ ನೀನು?" ಪಕ್ಕದ ಸಾಲಿನಿಂದ ದನಿ ಬಂತು.

"ಹೊಸಪೇಟೆ."

"ನಿನಗೂ ಜರಡಿ ಕೆಲಸ ಅಂದ್ನೇನು?"

"ನನಗ ನರ್ಸ್ ಕೆಲಸ ಅಂದ್ರು ತಾತ."

ಮುದುಕ ಬೊಚ್ಚುಬಾಯಿ ತೆರೆದು ನಕ್ಕ. "ಒಬ್ಬೊಬ್ಬರಿಗೆ ಒಂದೊಂದು ಹೇಳ್ತಾರವ್ವ!"

ಹರ್ಷಿಣಿಯ ನಡು ಸೋತಿತು. ತಾತ ಕೊನೆಯ ಕಿಟಕಿ ಮುಟ್ಟಿ, ತಿರುಗಿ ನೋಡಿದ. ಅವಳ ಸಾಲು ಅರ್ಧ ಉಳಿದಿತ್ತು. ಅವನು ಪಟ್ಟೆ ದಾಟಿ, ಅವಳ ಸಾಲನ್ನು ಆ ತುದಿಯಿಂದ ಕಡಿಯುತ್ತ ಎದುರು ಬಂದ.

"ಸರದಾರ ಬರೋದ್ರಾಗ ಮುಗಸಾಣ. ಹೊಸಬರನ್ನ ಹಿಂದ ಬಿಟ್ಟು ಉಣಬಾರ್ದು."

ನಡುವೆ ಇಬ್ಬರ ಕೈಗಳು ತಾಗಿದವು. ಕಬ್ಬು ಇರಲಿಲ್ಲ. ತಾತ ಅಲ್ಲೇ ನೆಲಕ್ಕೆ ಕುಕ್ಕರಿಸಿದ. ಹರ್ಷಿಣಿ ಓಡಿ ಅನ್ನ ತೊವ್ವೆಯ ತಟ್ಟೆ ತಂದಳು. ಅವನು ಕಲಸಿ ಮೊದಲ ತುತ್ತನ್ನು ಅವಳ ಅಂಗೈಗಿಟ್ಟು ಕಾದ. ಇಲ್ಲಿನವರ ಊಟ ಸಿಬ್ಬಂದಿ ತಿನ್ನಬಾರದೆಂಬ ನಿಯಮವಿದೆ. ಅವಳು ತಿಂದಳು. ಆಮೇಲೆ ಅವನೂ ತಿಂದ, ಇನ್ನೊಂದು ತುತ್ತು, ಮತ್ತೊಂದು.

"ಬಿರಬಿರ ಉಣ್ಣವ್ವ," ಅಂದ ಬಾಯಿ ತುಂಬಿಕೊಂಡು. "ನಾಳಿಗೂ ಕಬ್ಬು ಐತಿ."