ತಿರುಗಿ ಬಿದ್ದ ಏಳು

ಲೇಸರ್ ಮಾಡಿಸಿಕೊಂಡ ಕಣ್ಣಿಗೆ ಕೆಲವು ವರ್ಷಗಳ ಮೇಲೆ ಮತ್ತೆ ಕನ್ನಡಕ ಬೇಕಾದರೆ, ಹಿಂದೆ ಕಾರ್ನಿಯಾದ ಮೇಲೆ ಕೊಯ್ದಿದ್ದ ತೆಳುಪದರವನ್ನೇ ಇನ್ನೊಮ್ಮೆ ಎತ್ತಬೇಕಾಗುತ್ತದೆ. ಅಷ್ಟರಲ್ಲಿ ಅದರ ಅಂಚು ಕಚ್ಚಿಕೊಂಡಿರುತ್ತದೆ. ಕಣ್ಣಿನ ಡಾಕ್ಟರು ಸಿಗ್ನೆ ಹಾಲ್ವರ್ಸನ್ ಅದನ್ನು ಎಳೆದಾಡುತ್ತಿರಲಿಲ್ಲ. ಅಂಚನ್ನು ಚೂರೇ ಚೂರು ಬಿಡಿಸಿ, ಚಪ್ಪಟೆ ಕಡ್ಡಿಯೊಂದನ್ನು ಒಳಗೆ ತೂರಿಸಿ, ಪದರ ಕಣ್ಣಿಗೆ ಅಂಟಿಕೊಂಡಿರುವ ಬುಡದಿಂದ ಈಚೆಗೆ ಸವರುತ್ತ ಬರುವಳು. ಹಾಲಿನ ಕೆನೆ ಎತ್ತಿದಷ್ಟು ಸಲೀಸು, ಅದೂ ಎಡಗೈಯಲ್ಲಿ.

ಅವಳ ಗುರು ವೆಂಡೆಲ್ ಓಸ್ಟ್‌ಬಿ ಅದನ್ನು ನೋಡಿ ಕುಣಿದಾಡಿದರು. ತಂದೆಯಿಲ್ಲದ ಅವಳನ್ನು ಮದುವೆಯ ದಿನ ತೋಳು ಹಿಡಿದು ಚರ್ಚಿನೊಳಗೆ ನಡೆಸಿದವರು ಅವರೇ.

"ಎಡಚೀ, ಇದನ್ನ ಮಿನಿಯಾಪೊಲಿಸ್ ಸಮ್ಮೇಳನದಲ್ಲಿ ತೋರಿಸ್ಬೇಕು ಕಣೇ. ನಿನಗೆ ವೇದಿಕೆ ಹತ್ತಿದ್ರೆ ನಾಲಿಗೆ ಒಣಗುತ್ತೆ. ಮಾತು ನಂದು, ಹೆಸರು ನಿಂದು, ಆಯ್ತಾ?"

"ನೀವು ಹೇಳಿದ್ಮೇಲೆ ಇನ್ನೇನು" ಎಂದು ತಾನು ಪದರ ಎತ್ತಿದ್ದರ ವಿಡಿಯೋ ಕೊಟ್ಟಳು. ಆ ಹೆಸರಿಗಾಗಿ ಹೊಸ ಕೋಟು ಹೊಲಿಸಿಕೊಂಡು ಮುಂದಿನ ಸಾಲಿನಲ್ಲೇ ಹೋಗಿ ಕೂತಳು.

ಪರದೆಯ ಮೇಲೆ 'ಓಸ್ಟ್‌ಬಿ ವಿಧಾನ' ಎಂದು ಮೂಡಿತು. ಸವರುತ್ತಿದ್ದದ್ದು ಬಲಗೈ. ತನ್ನ ವಿಡಿಯೋ ನೋಡಿ ಕಲಿತು ಗುರುಗಳೇ ಬೇರೊಬ್ಬರ ಕಣ್ಣಿಗೆ ಮಾಡಿರಬೇಕು ಎಂದು, ಪಾಪ, ಅವರ ಪರವಾಗಿ ತಾನೇ ನೆಪ ಹುಡುಕಿದಳು. ಪದರ ಮತ್ತೆ ಕೂತಾಗ ಅದರ ಅಂಚಿನಲ್ಲಿ ಶಾಯಿಯ ಗುರುತು ಕಂಡಿತು. ಎತ್ತುವ ಮೊದಲು ಸಿಗ್ನೆ ಅಲ್ಲೊಂದು ಏಳರ ಅಂಕಿ ಬರೆಯುತ್ತಿದ್ದಳು. ಮರಳಿ ಇಡುವಾಗ ಏಳು ನೆಟ್ಟಗಿದ್ದರೆ ಪದರವೂ ನೆಟ್ಟಗಿದೆ ಎಂದರ್ಥ. ಪರದೆಯ ಮೇಲಿನ ಏಳು ಕನ್ನಡಿಯಲ್ಲಿ ಕಂಡಂತೆ ತಿರುಗಿತ್ತು. ಎಡಗೈಯನ್ನು ಬಲಗೈ ಮಾಡಲು ವೆಂಡೆಲ್ ಅವಳ ವಿಡಿಯೋವನ್ನೇ ಎಡಬಲ ಮಗುಚಿದ್ದ! ಬರೆಯುವ ಭಾಗ ಕತ್ತರಿಸಿ, ಬರೆದದ್ದನ್ನು ಮರೆತಿದ್ದ. ಇನ್ನು ಮೇಲೆ ಈ ಮನುಷ್ಯನಿಗೆ ಬಹುವಚನ ಕೊಡಲು ನನಗೂ ಮನಸ್ಸಿಲ್ಲ.

ಡುಲೂತ್‌ನಿಂದ ಬಂದಿದ್ದ ಹಿರಿಯ ಡಾಕ್ಟರಮ್ಮ ಎದ್ದರು. "ಅಲ್ಲಪ್ಪಾ ವೆಂಡೆಲ್, ನಿನ್ನ ಏಳು ಉಲ್ಟಾ ಇದೆಯಲ್ಲ? ಪದರಾನ ಒಳಮಗ್ಗುಲು ಮೇಲೆ ಮಾಡಿ ಇಟ್ಬಿಟ್ಯೇನು?"

ಸಭೆ ಗೊಳ್ಳೆಂದಿತು. ವೆಂಡೆಲ್ ನೀರು ಕುಡಿದ.

"ಈ ಕೇಸು ನಾನು ಮಾಡಿದ್ದಲ್ಲ. ನನ್ನ ಶಿಷ್ಯೆ ಸಿಗ್ನೆ ಹಾಲ್ವರ್ಸನ್ ಮಾಡಿದ್ದು. ಕೈ ಇನ್ನೂ ಪಳಗ್ಬೇಕು, ಪಾಪ."

ಅಂತೂ ಹೆಸರು ಬಂತು. ತಪ್ಪು ಹೊರಿಸಲು ಬಂತು.

ಸಿಗ್ನೆ ಎದ್ದು ನಿಂತಳು. ನಾಲಿಗೆ ಒಣಗಿಯೇ ಇತ್ತು, ಆದರೂ ಮಾತು ಹೊರಟಿತು. "ಕೈ ನಂದೇ. ಎಡಗೈ. ರೋಗಿಯ ಕಣ್ಣು ಚೆನ್ನಾಗಿದೆ. ಮಗುಚಿ ಹಾಕಿರೋದು ವಿಡಿಯೋನ, ಪದರಾನ ಅಲ್ಲ."

ಈ ಸಲ ಯಾರೂ ನಗಲಿಲ್ಲ. ವೆಂಡೆಲ್ ಇಳಿದು ಬಂದು ಅವಳ ಪಕ್ಕದಲ್ಲಿ ಹಲ್ಲು ಕಚ್ಚಿ ಹೇಳಿದ: "ಮಗಳ ಹಾಗೆ ನೋಡ್ಕೊಂಡಿದ್ದಕ್ಕೆ ತುಂಬಿದ ಸಭೇಲಿ ಮಾನ ಕಳೆದ್ಯಲ್ಲೇ."

"ಆ ಹೆಸರು ಬೇಕು ಅಂತ ಒಂದು ಮಾತು ಕೇಳಿದ್ರೆ ನಾನೇ ಕೊಟ್ಬಿಡ್ತಿದ್ದೆ, ವೆಂಡೆಲ್" ಎಂದಳು. ಅದು ನಿಜವಾಗಿತ್ತು. ಅದಕ್ಕೇ ಅವಳಿಗೆ ಅಳು ತಡೆಯಲಾಗಲಿಲ್ಲ.