ಎಡಕ್ಕೆ ವಾಲಿದ ಗುಂಡಿ

ನನಗೆ ಮರೆವಂತೆ! ಮೊನ್ನೆ ಮೊಬೈಲಿನಲ್ಲಿ ಮಾತಾಡಿ ಕಳಿಸಿದ್ದನ್ನು ಕೇಳಿ ಯಾವನೋ ಮಹಾನುಭಾವ ‘ಮುದುಕ ಕಥೆ ಕಟ್ತಾನೆ’ ಎಂದು ಬರೆದಿದ್ದಾನೆ. ಲೋ ಪುಣ್ಯಾತ್ಮ, ಹಲ್ಲಿನ ಸೆಟ್ಟು ಎಲ್ಲಿಟ್ಟೆ ಅನ್ನುವುದು ಮರೆಯುತ್ತದೆ, ಒಪ್ಪಿದೆ. ನಿನ್ನ ಹೆಸರೂ ಮರೆತಿದ್ದೇನೆ, ಅದರಿಂದ ನಷ್ಟವೇನೂ ಆಗಿಲ್ಲ. ಆದರೆ ದಿನಕ್ಕೆ ಹತ್ತು ತಾಸು ಒಂದೇ ಜಾಗದಲ್ಲಿ ಸವರಿದ ಹೆಬ್ಬೆರಳು ಮರೆಯುವುದಿಲ್ಲ. ಬಾಯಿ ಮುಚ್ಚಿಕೊಂಡು ಕೇಳು.

ನಮ್ಮದು ಗಾಡಿಗಳ ಬಾನೆಟ್ಟು ಮಾಡುವ ಕಾರ್ಖಾನೆ. ಬಾನೆಟ್ಟಿನ ಒಳಮೈಗೆ, ಬೀಗ ಕೂರುವ ಜಾಗದಲ್ಲಿ, ಒಂದು ಪಟ್ಟಿ ಸೇರಿಸಬೇಕು. ಬೆಸುಗೆ ಇಲ್ಲ, ಬೋಲ್ಟ್ ಇಲ್ಲ, ಮೊಳೆ ಇಲ್ಲ. ಎರಡು ತಗಡನ್ನು ಜೋಡಿಸಿ ಹಿಡಿದರೆ ಮೇಲಿನಿಂದ ಯಂತ್ರದ ಮೂತಿ ಬಂದು ಒತ್ತುತ್ತದೆ. ಕೆಳಗಿನ ಅಚ್ಚಿನ ಕುಳಿಯೊಳಗೆ ಎರಡೂ ಒಟ್ಟಿಗೆ ಇಳಿದು, ಉಬ್ಬಿ, ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಅಂಗಿಯ ಟಿಚ್ ಬಟನ್ ಇದ್ದ ಹಾಗೆ, ಆದರೆ ಇದು ಬಿಚ್ಚಬಾರದು. ನಾವು ಅದನ್ನು ಗುಂಡಿ ಅನ್ನುತ್ತಿದ್ದೆವು. ಬಾನೆಟ್ಟಿಗೆ ಆರು ಗುಂಡಿ. ಅವು ಬಿಟ್ಟುಕೊಂಡರೆ ಓಡುವ ಗಾಡಿಯ ಬಾನೆಟ್ಟು ಎದ್ದು ಮುಂದಿನ ಗಾಜಿಗೆ ಬಡಿಯುತ್ತದೆ. ಆಮೇಲೆ ಓಡಿಸುವವನಿಗೆ ರಸ್ತೆ ಇಲ್ಲ.

ಗುಂಡಿ ಒತ್ತುವವಳು ನನ್ನ ತಂಗಿ. ಕೀಳುವವನು ನಾನು. ಬಂದ ಪ್ರತಿ ಬಾನೆಟ್ಟಿನ ಗುಂಡಿಯನ್ನೂ ಹೆಬ್ಬೆರಳಲ್ಲಿ ಸವರುವುದು, ದಿನಕ್ಕೊಂದನ್ನು ಎತ್ತಿಕೊಂಡು ಉಳಿ ಸುತ್ತಿಗೆಯಲ್ಲಿ ಪಟ್ಟಿ ಕಿತ್ತು ನೋಡುವುದು ನನ್ನ ಕೆಲಸ. ಗುಂಡಿ ಗಟ್ಟಿಯಿದ್ದರೆ ಸುತ್ತಲಿನ ತಗಡು ಹರಿದು ಬರುತ್ತದೆ, ಗುಂಡಿ ಬಿಡುವುದಿಲ್ಲ. ಇಬ್ಬರೂ ಗುತ್ತಿಗೆಯವರು, ಹಳದಿ ಟೋಪಿ. ಕಾಯಂ ಆದವರದು ನೀಲಿ. ನೀಲಿಯವರು ಬೆಂಚಿನ ಮೇಲೆ ಕೂತು ಉಣ್ಣುತ್ತಿದ್ದರು, ನಾವು ನೆಲಕ್ಕೆ ರಟ್ಟು ಹಾಸಿಕೊಂಡು.

ಆ ವರ್ಷ ಅಚ್ಚಿನ ಒಂದು ಹೋಳು ಸೀಳಿತು. ಗುಂಡಿಗಳೆಲ್ಲ ಎಡಕ್ಕೆ ವಾಲತೊಡಗಿದವು. ವಾಲಿದ ಗುಂಡಿ ಸರಿಯಾಗಿ ಕಚ್ಚುವುದಿಲ್ಲ. ತಂಗಿ ಸಾಹೇಬನ ಹತ್ತಿರ ಮೂರು ಸಲ ಹೋದಳು. ಆತನಿಗೆ ನಾವಿಟ್ಟ ಹೆಸರು ಇಸ್ತ್ರಿ. ಅಂಥ ಧಗೆಯಲ್ಲೂ ಅವನ ಅಂಗಿಯ ಮೇಲೆ ಒಂದು ಸುಕ್ಕು ಕಂಡವರಿಲ್ಲ.

“ಅಚ್ಚು ಬದಲಾಯಿಸೋಕೆ ಅರ್ಧ ದಿನ ಮಿಷನ್ ನಿಲ್ಲಬೇಕು. ನಿಮ್ಮಪ್ಪ ಬಂದು ನಿಲ್ಲಿಸ್ತಾನಾ? ಹೋಗಿ ಒತ್ತು” ಅಂದ.

ಒತ್ತಿದಳು. ಆದರೆ ಸುಮ್ಮನಿರುವ ಜಾತಿಯವಳಲ್ಲ. ವಾಲಿದ ಗುಂಡಿಯ ಪಕ್ಕ ಸೀಮೆಸುಣ್ಣದಲ್ಲಿ ಒಂದು ಅಡ್ಡಗೆರೆ, ಅದರ ಮೇಲೊಂದು ಗೆರೆ, ಹೀಗೆ ಕತ್ತರಿ ಗುರುತು ಹಾಕಿ ಕಳಿಸುತ್ತಿದ್ದಳು. ಕತ್ತರಿ ಬಿದ್ದದ್ದು ಕೆಟ್ಟ ಮಾಲು, ಬದಿಗಿಡಬೇಕು. ಅದು ಕಾರ್ಖಾನೆಯದೇ ನಿಯಮ. ಇಸ್ತ್ರಿ ಪ್ಯಾಕಿಂಗಿನವರ ಕೈಗೆ ಒದ್ದೆ ಬಟ್ಟೆ ಕೊಟ್ಟಿದ್ದ. ಇವಳು ಬರೆಯುವುದು, ಅವರು ಒರೆಸುವುದು. ನಾನು ಕಿತ್ತಾಗ ಬಿಟ್ಟುಕೊಂಡದ್ದನ್ನೂ ಇಸ್ತ್ರಿ ಗುಜರಿಗೆ ಹಾಕಿಸಿ, ಪುಸ್ತಕದಲ್ಲಿ ಸರಿಯಿದೆ ಎಂದೇ ಬರೆಸುತ್ತಿದ್ದ. ಎರಡು ತಿಂಗಳು ಹೀಗೇ ನಡೆಯಿತು.

ಒಂದು ಮಾತ್ರ ಒರೆಸುವುದು ತಪ್ಪಿಹೋಯಿತು.

ಅದೇ ವಾಪಸು ಬಂತು. ಗಾಡಿ ಜೋಡಿಸುವ ಕಂಪನಿಯವರು ಬಣ್ಣ ಬಳಿಯುವ ಮೊದಲೇ ಒಂದು ಬಾನೆಟ್ಟು ಕೂರಿಸಿ ಎಳೆದು ನೋಡಿದ್ದರು. ಪಟ್ಟಿ ಕೈಗೇ ಬಂದಿತ್ತು. ಬೆಳಿಗ್ಗೆ ಒಳಗೆ ಕಾಲಿಡುತ್ತಲೇ ಇಸ್ತ್ರಿ ಅದನ್ನು ತಂಗಿಯ ಮುಂದೆ ಎಸೆದ.

“ಏನೇ ಇದು? ಯಾರದೇ ಈ ಗುರುತು?”

“ನಂದೇ ಸಾರ್.”

“ಅಂದ್ರೆ ಕೆಟ್ಟಿದೆ ಅಂತ ಗೊತ್ತಿತ್ತು. ಗೊತ್ತಿದ್ದೂ ಕಳಿಸಿದೀಯ ದರಿದ್ರ ಮುಂಡೆ!”

“ಕಳಿಸಿದ್ದು ನೀವಲ್ವಾ ಸಾರ್? ನಾನು ಹೇಳ್ಲಿಲ್ವಾ?”

“ಹೇಳಿದ್ದು ಎಲ್ಲಿದೆ, ತೋರ್ಸು? ಗುರುತು ಇಲ್ಲಿದೆ ನೋಡು, ನಿನ್ನ ಕೈಯಿಂದು.” ಜೇಬಿನಿಂದ ಒಂದು ಹಾಳೆ ತೆಗೆದ. ‘ನನ್ನ ಬೇಜವಾಬ್ದಾರಿಯಿಂದ ಹೀಗಾಯಿತು, ಅಚ್ಚಿನಲ್ಲಿ ದೋಷವಿಲ್ಲ’ ಎಂದು ತಂಗಿಯ ಹೆಸರಿನಲ್ಲಿ ಆಗಲೇ ಬರೆಸಿ ತಂದಿದ್ದ. “ಹನ್ನೊಂದು ಗಂಟೆಗೆ ಕಂಪನಿಯವ್ರು ಬರ್ತಾರೆ. ಅಷ್ಟರಲ್ಲಿ ಸಹಿ ಹಾಕು. ಹಾಕಿದ್ರೆ ನಿಮ್ಮಣ್ಣನ ಕೆಲಸ ಉಳಿಯತ್ತೆ. ಇಲ್ಲಾಂದ್ರೆ ಇಬ್ರೂ ಗೇಟಾಚೆ.”

ಅವನು ಹೋದ ಮೇಲೆ ತಂಗಿ ಹಾಳೆಯನ್ನು ಯಂತ್ರದ ಮೇಲಿಟ್ಟು ಮತ್ತೆ ಒತ್ತತೊಡಗಿದಳು. ಧಡ್, ಧಡ್. ನಾನೇ ಬಾಯಿಬಿಟ್ಟೆ.

“ಹಾಕಿಬಿಡು ಕಣೇ. ನಂಗೂ ವಯಸ್ಸಾಯ್ತು. ಸಾಕಾಗಿದೆ.”

ಅವಳು ತಿರುಗಿ ನೋಡಲಿಲ್ಲ. “ಸಾಕಾಗಿರೋದು ನಿಂಗೊಬ್ಬಂಗೇನಾ ಅಣ್ಣ?” ಅಂದಳು. ಸಿಟ್ಟೂ ಇರಲಿಲ್ಲ. ನಿದ್ದೆಗೆಟ್ಟವರು ಮಾತಾಡುವ ಹಾಗಿತ್ತು.

ಹನ್ನೊಂದಕ್ಕೆ ಮೂವರು ಬಂದರು. ಇಸ್ತ್ರಿ ನನಗೆ ಕಣ್ಸನ್ನೆ ಮಾಡಿದ. ಮದುಮಗಳನ್ನು ತಾ ಅಂತ ಅರ್ಥ. ಅಚ್ಚು ಹೊಸದಿದ್ದಾಗ ಒತ್ತಿದ ಒಂದಷ್ಟು ಬಾನೆಟ್ಟುಗಳನ್ನು ಬಟ್ಟೆ ಸುತ್ತಿ ಬೀರುವಿನಲ್ಲಿಟ್ಟಿದ್ದರು. ಹೊರಗಿನವರು ಬಂದಾಗಲೆಲ್ಲ ಒಂದನ್ನು ತಂದು, ಈಗಷ್ಟೇ ಯಂತ್ರದಿಂದ ಇಳಿದದ್ದು ಎನ್ನುವಂತೆ ಕಿತ್ತು ತೋರಿಸುವುದು. ನೋಡಲು ಬಂದವರ ಮುಂದೆ ಮಾತ್ರ ಬರುವವಳು, ಅದಕ್ಕೇ ಆ ಹೆಸರು. ಎಷ್ಟು ಮದುಮಗಳನ್ನು ನನ್ನ ಕೈಯಾರೆ ಸೀಳಿದ್ದೇನೋ! ಪ್ರತಿ ಸಲ ಬಂದವರು ತಲೆದೂಗಿ ಹೋಗಿದ್ದರು.

ಅವತ್ತೂ ತಂದೆ. ಬಟ್ಟೆ ಬಿಚ್ಚಿದೆ. ಉಳಿ ಇಡಬೇಕು, ಆಗ ತಂಗಿ ಯಂತ್ರ ನಿಲ್ಲಿಸಿದಳು. ಆಗಷ್ಟೇ ಒತ್ತಿದ ಬಾನೆಟ್ಟನ್ನು ಎದೆಗವಚಿಕೊಂಡು ಬಂದು ನನ್ನ ಮೇಜಿನ ಮೇಲೆ, ಮದುಮಗಳ ಮೇಲೇ, ಇಟ್ಟಳು.

“ಇದು ನಾನು ಒತ್ತಿದ್ದು. ಇದನ್ನ ಕೀಳು ಅಣ್ಣ.”

“ಏಯ್, ಜಾಗಕ್ಕೆ ಹೋಗೇ!” ಇಸ್ತ್ರಿ ಹಲ್ಲು ಕಚ್ಚಿ ನಕ್ಕ. “ಇವ್ಳಿಗೆ ಸ್ವಲ್ಪ ತಲೆ ಸರಿಯಿಲ್ಲ ಸಾರ್.”

ಧೈರ್ಯ ಗೀರ್ಯ ಅಂತ ನೀವೇನೂ ಸೇರಿಸಬೇಡಿ. ಹೆಬ್ಬೆರಳು ಗುಂಡಿಯ ಮೇಲೆ ಹೋಯಿತು. ಎಡಕ್ಕೆ ವಾಲಿತ್ತು. ಆರೂ ವಾಲಿದ್ದವು. ಉಳಿ ಇಟ್ಟು ಒಂದೇ ಏಟು ಹಾಕಿದೆ. ಟಕಟಕನೆ ಆರೂ ಬಿಟ್ಟುಕೊಂಡು ಪಟ್ಟಿ ನೆಲಕ್ಕೆ ಬಿತ್ತು, ಜಾರಿಹೋಗಿ ಬಂದವರಲ್ಲಿ ಒಬ್ಬನ ಬೂಟಿಗೆ ತಾಗಿತು. ಅವನು ಕಾಲು ಹಿಂದಕ್ಕೆ ಎಳೆದುಕೊಂಡ. ಎಲ್ಲ ಯಂತ್ರಗಳೂ ನಿಂತವು.

ತಂಗಿ ಆ ಹಾಳೆ ತಂದಳು. ಜೇಬಿನಿಂದ ಸೀಮೆಸುಣ್ಣ ತೆಗೆದು, ಆ ಮೂಲೆಯಿಂದ ಈ ಮೂಲೆಗೆ ಒಂದು ಗೆರೆ, ಈ ಮೂಲೆಯಿಂದ ಆ ಮೂಲೆಗೆ ಇನ್ನೊಂದು, ದೊಡ್ಡದೊಂದು ಕತ್ತರಿ ಹಾಕಿ ಇಸ್ತ್ರಿಯ ಕೈಗೆ ಕೊಟ್ಟಳು.

“ತಗೊಳ್ಳಿ ಸಾರ್. ಇದನ್ನೂ ಒರೆಸ್ಕೊಳ್ಳಿ.”

ಹಳದಿ ಟೋಪಿಯವರ ಕಡೆಯಿಂದ ಯಾರೋ ಕಿಸಕ್ಕನೆ ನಕ್ಕರು. ನೀಲಿ ಟೋಪಿಯವನೊಬ್ಬನೂ ನಕ್ಕ, ಆಮೇಲೆ ಕೆಮ್ಮಿದ.

ಕಂಪನಿಯವರು ಏನು ಮಾಡಿದರು ಅಂತೀರಾ? ತಮ್ಮತಮ್ಮಲ್ಲೇ ಗುಸುಗುಸು ಮಾತಾಡಿಕೊಂಡರು. ಅವರಲ್ಲಿ ಹಿರಿಯನಾದವನು ಗಡಿಯಾರ ನೋಡಿ, “ಇನ್ನೊಂದು ಸ್ಯಾಂಪಲ್ ತೋರಿಸಿ” ಅಂದ. ನನ್ನ ಕೈಯಿಂದ ಸುತ್ತಿಗೆ ಕಿತ್ತುಕೊಂಡು ಇಸ್ತ್ರಿಯೇ ಮದುಮಗಳನ್ನು ಕಿತ್ತ. ತಗಡು ಹರಿಯಿತು, ಗುಂಡಿ ಬಿಡಲಿಲ್ಲ. ತಲೆದೂಗಿದರು. ನಾವು ಗೇಟು ದಾಟುವ ಹೊತ್ತಿಗೆ ತಂಗಿಯ ಯಂತ್ರದ ಸದ್ದು ಮತ್ತೆ ಶುರುವಾಗಿತ್ತು. ಧಡ್, ಧಡ್. ಅದೇ ಅಚ್ಚು.

ದಾರಿಯಲ್ಲಿ ಅವಳು ಕೇಳಿದ್ದು ಒಂದೇ ಮಾತು. “ಒರೆಸಿ ಕಳಿಸಿದ್ದು ಎಷ್ಟಿರಬಹುದು ಅಣ್ಣ?”

ಹನ್ನೊಂದು ವರ್ಷವಾಯಿತು. ತಂಗಿ ಈಗ ಆಸ್ಪತ್ರೆಯೊಂದರಲ್ಲಿ ನೆಲ ಒರೆಸುತ್ತಾಳೆ. ಅಪಘಾತವಾದವರನ್ನು ತಂದರೆ, ಗಾಡಿ ಯಾವುದು ಎಂದು ಕೇಳಿ ಬೈಸಿಕೊಳ್ಳುತ್ತಾಳೆ. ನನ್ನದೂ ಅದೇ ಹುಚ್ಚು. ಗ್ಯಾರೇಜಿನ ಮುಂದೆ ಬಾನೆಟ್ಟು ಎತ್ತಿ ನಿಲ್ಲಿಸಿದ ಗಾಡಿ ಕಂಡರೆ ಬೆರಳು ತಾನಾಗಿಯೇ ಒಳಗೆ ಹೋಗುತ್ತದೆ. ಕಳ್ಳ ಅಂದಿದ್ದಾರೆ, ಒಂದು ಕಡೆ ತಳ್ಳಿಯೂ ಇದ್ದಾರೆ.

ಹೋದ ವಾರ ಅಂಥದೊಂದು ಸಿಕ್ಕಿತು. ಬಣ್ಣದ ಕೆಳಗೆ ಆರೂ ಗುಂಡಿ ಎಡಕ್ಕೆ ವಾಲಿದ್ದವು.

“ಏಯ್ ಮುದುಕಾ, ಕೈ ತೆಗಿ!” ಗಾಡಿಯವನು ಓಡಿಬಂದ.

“ಸ್ವಾಮಿ, ಇದು ಬಿಟ್ಕೊಳ್ಳತ್ತೆ. ನನ್ ತಂಗಿ ಒತ್ತಿದ್ದು, ನಂಗೊತ್ತು.”

“ಇಷ್ಟು ವರ್ಷದಿಂದ ಬಿಟ್ಕೊಂಡಿಲ್ಲ, ಇವನು ಬಂದ ಹೇಳೋಕೆ!” ನಕ್ಕು, ಬಾನೆಟ್ಟು ಧಡ್ ಎಂದು ಮುಚ್ಚಿ ಹೊರಟೇಹೋದ. ಓಡಲು ನನ್ನ ಮಂಡಿ ಬಿಡಲಿಲ್ಲ.

ಬಿಳಿ ಗಾಡಿ, ನಂಬರು ಈ ಕಣ್ಣಿಗೆ ಸಿಗಲಿಲ್ಲ. ಹಿಂದಿನ ದೀಪ ಒಂದು ಒಡೆದಿದೆ, ಕೆಂಪು ಟೇಪು ಅಂಟಿಸಿದ್ದಾರೆ. ಓಡಿಸುವವನಿಗೆ ದಪ್ಪ ಕನ್ನಡಕ, ನಗುವಾಗ ಒಂದು ಭುಜ ಕುಣಿಸುತ್ತಾನೆ. ನನ್ನ ನೆನಪನ್ನು ಆಮೇಲೆ ನಿಧಾನವಾಗಿ ಬೈದುಕೊಳ್ಳಿ. ಮೊದಲು ಇದನ್ನು ಮುಂದಕ್ಕೆ ಕಳಿಸಿ, ನಿಮಗೆ ಗೊತ್ತಿರುವವರಿಗೆ, ಅವರಿಗೆ ಗೊತ್ತಿರುವವರಿಗೆ. ಅವನ ಕಿವಿಗೆ ಬೀಳುವ ತನಕ ಕಳಿಸುತ್ತಲೇ ಇರಿ.