ನನ್ನಿಂದ ಕತ್ತರಿಸಿದ ತ್ರಿಕೋನ

೧೯೯೮ರ ಜನವರಿ ಹನ್ನೊಂದು, ಭಾನುವಾರ, ಬೆಳಿಗ್ಗೆ ಹತ್ತೂಕಾಲು ಗಂಟೆಗೆ ನಾನು ಹುಟ್ಟಿದೆ. ಅದಕ್ಕೆ ಮೊದಲು ಮಲ್ಪೆಯ ಹೈಸ್ಕೂಲೊಂದರ ನಾಟಕದ ಪರದೆಯಲ್ಲಿ ಒಂದು ಮೂಲೆಯಾಗಿದ್ದೆ. ಪರದೆ ಹರಿದಾಗ ರಸಾಯನಶಾಸ್ತ್ರದ ಜಲಜಾಕ್ಷಿ ಟೀಚರ್ ಅದರ ಹಳದಿ ಭಾಗವನ್ನು ಮನೆಗೆ ತಂದು, ಸ್ಕೇಲು ಇಟ್ಟು ಗೆರೆ ಎಳೆದು, ಕತ್ತರಿಸಿ, ಅಂಚು ಮಡಚಿ ಹೊಲಿದರು. ಹೊಲಿದ ಮೇಲೆ ಮತ್ತೊಮ್ಮೆ ಅಳೆದರು. ಪ್ರತಿ ಬದಿಯೂ ಅರವತ್ತು ಸೆಂಟಿಮೀಟರ್ ಇತ್ತು.

ನಾನು ಒಂದು ಬಾವುಟ. ನನ್ನ ಮೇಲೆ ಚಿತ್ರವಿಲ್ಲ, ಅಕ್ಷರವಿಲ್ಲ. ಬೇರೆ ದೇಶದ ಬಂದರಿಗೆ ಬಂದ ದೋಣಿ ನನ್ನನ್ನು ಏರಿಸಿದರೆ, "ನಮ್ಮಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ, ಒಳಗೆ ಬರಲು ಅಪ್ಪಣೆ ಕೊಡಿ" ಎಂದು ಅರ್ಥ. ನನಗೆ ಬರುವ ಮಾತು ಇದೊಂದೇ.

ಟೀಚರ ಗಂಡ ವಾಮನ ಕುಂದರ್ ಮೀನುಗಾರಿಕೆ ಬೋಟುಗಳ ಎಂಜಿನ್ ದುರಸ್ತಿ ಮಾಡುತ್ತಿದ್ದವರು. ಬಿಡುವಿನಲ್ಲಿ ಹನ್ನೊಂದು ವರ್ಷ ದುಡಿದು 'ಬೆಳ್ಳಕ್ಕಿ' ಎಂಬ ಹಾಯಿದೋಣಿ ಕಟ್ಟಿದ್ದರು. ಸ್ವಂತ ದೋಣಿಯಲ್ಲಿ ಹೋಗಿ ಇನ್ನೊಂದು ದೇಶದ ನೆಲದ ಮೇಲೆ ಕಾಲಿಡಬೇಕು, ಆಮೇಲೆ ಲಂಕೆ, ಅದರಾಚೆಗೂ ಹೋಗಬೇಕು ಎಂಬುದು ಅವರ ಆಸೆ. ಆ ಫೆಬ್ರವರಿಯಲ್ಲಿ ಗಂಡಹೆಂಡಿರಿಬ್ಬರೇ ಮಾಲ್ಡೀವ್ಸಿಗೆ ಹೊರಟರು.

ಇನ್ನು ಒಂದು ದಿನದ ದಾರಿ ಇರುವಾಗ ವಾಮನರಿಗೆ ಚಳಿಜ್ವರ ಹಿಡಿಯಿತು. ಹಾಯಿ, ಚುಕ್ಕಾಣಿ ಎರಡನ್ನೂ ಟೀಚರೇ ನೋಡಿಕೊಂಡರು. ಗಡಿ ಯಾವಾಗ ದಾಟಿದೆವೋ ನನಗೆ ತಿಳಿಯಲಿಲ್ಲ. ಟೀಚರ್ ನಕ್ಷೆಯ ಮೇಲೆ ಬೆರಳಿಟ್ಟು "ಇಲ್ಲಿಂದ ಬೇರೆ ದೇಶ" ಎಂದರು. ನೀರಿನ ಬಣ್ಣ ಮಾತ್ರ ಹಿಂದೆ ಇದ್ದದ್ದೇ.

ಮರುದಿನ ಬೆಳಿಗ್ಗೆ ದ್ವೀಪದ ಎದುರು ಲಂಗರು ಬಿತ್ತು. ಟೀಚರ್ ನನ್ನನ್ನು ಹಗ್ಗಕ್ಕೆ ಕಟ್ಟಿದರು. ಕಟ್ಟಿದವರೇ ಮತ್ತೆ ಬಿಚ್ಚಿದರು.

"ಏರಿಸಿ ಟೀಚರೇ," ಎಂದರು ವಾಮನರು ಮಲಗಿದಲ್ಲಿಂದಲೇ. ಹೆಂಡತಿಯನ್ನು ಅವರು ಕರೆಯುವುದೇ ಹಾಗೆ. "ಹನ್ನೊಂದು ವರ್ಷ ಕಟ್ಟಿದ್ದು ಇಲ್ಲಿಂದ ತಿರುಗಿ ಹೋಗ್ಲಿಕ್ಕಾ?"

"ಜ್ವರ ನೂರಮೂರು ಉಂಟು."

"ಅದು ಬಿಸಿಲಿನದ್ದು."

"ಬಿಸಿಲಿಗೆ ಯಾರಾದ್ರೂ ಎರಡು ಕಂಬಳಿ ಹೊದ್ದು ನಡುಗ್ತಾರಾ ಮಾರಾಯ್ರೆ?"

"ಜ್ವರ ಅಂತ ಗೊತ್ತಾದ್ರೆ ಹಿಂದೆ ಕಳಿಸ್ತಾರೆ. ಒಂದು ತುಂಡು ಬಟ್ಟೆ ಅಲ್ವಾ, ಅದಕ್ಕೆಂತ ಗೊತ್ತು?"

"ಹೊಲಿದವಳಿಗೆ ಗೊತ್ತುಂಟಲ್ಲ."

ವಾಮನರು ಕ್ಯಾಬಿನ್ನಿನ ಗೋಡೆಯ ಕಡೆ ಮುಖ ತಿರುಗಿಸಿದರು. ಟೀಚರ್ ಬಾವುಟ ಸಂಕೇತಗಳ ಪುಸ್ತಕ ತೆರೆದರು. ನನ್ನ ಕೆಳಗೆ ನೀಲಿ ಅಂಚಿನ ಹಳದಿ ತ್ರಿಕೋನವೊಂದು ಸೇರಿದರೆ ಮಾತು ಬದಲಾಗುತ್ತದೆ: "ನಮಗೆ ಆರೋಗ್ಯ ತಪಾಸಣೆ ಬೇಕು." ಆ ತ್ರಿಕೋನ ನಮ್ಮಲ್ಲಿರಲಿಲ್ಲ.

"ನಿಮ್ಮ ನೀಲಿ ಅಂಗಿ ಎಲ್ಲುಂಟು?"

"ಅದು ಇಳಿಯುವಾಗ ಹಾಕ್ಲಿಕ್ಕೆ ಇಟ್ಟದ್ದು!"

"ಇಳಿದ್ರೆ ಅಲ್ವಾ?"

ಅಂಗಿಯ ಬೆನ್ನಿನ ಕೆಳಭಾಗ ಹೋಯಿತು. ಹಳದಿ ಬಟ್ಟೆಗೆ ಇದ್ದದ್ದು ನಾನೊಬ್ಬನೇ. ಕತ್ತರಿ ನನ್ನ ಒಂದು ಬದಿಯುದ್ದಕ್ಕೂ ನಡೆಯಿತು. ಆ ತುಂಡನ್ನು ತ್ರಿಕೋನ ಮಾಡಿ ಟೀಚರ್ ಸುತ್ತಲೂ ನೀಲಿ ಅಂಚು ಹೊಲಿದರು. ಮೇಲೆ ನಾನು, ಕೆಳಗೆ ನನ್ನದೇ ತುಂಡು, ಇಬ್ಬರೂ ಗಾಳಿಯಲ್ಲಿ ಬಿಚ್ಚಿಕೊಂಡೆವು.

ಪುಟ್ಟ ಬೋಟಿನಲ್ಲಿ ಒಬ್ಬ ಡಾಕ್ಟರು ಬಂದರು. ರಕ್ತ ಪರೀಕ್ಷೆಯಲ್ಲಿ ಮಲೇರಿಯಾ ಎಂದು ತಿಳಿಯಿತು. ನಾವು ಹೊರಡುವ ಮೊದಲೇ ಊರಿನ ಸೊಳ್ಳೆ ವಾಮನರನ್ನು ಕಚ್ಚಿ ಬೀಳ್ಕೊಟ್ಟಿತ್ತು. ಈ ದ್ವೀಪದಲ್ಲಿ ಆ ಜ್ವರ ಅಳಿದು ಎಷ್ಟೋ ವರ್ಷವಾಗಿದೆ, ಆದರೆ ಅದನ್ನು ಹರಡಬಲ್ಲ ಸೊಳ್ಳೆ ಇನ್ನೂ ಇದೆ, ನೀವು ಮುಚ್ಚಿಟ್ಟು ಇಳಿದಿದ್ದರೆ ನಮ್ಮ ಮಕ್ಕಳಿಗೆ ಬರುತ್ತಿತ್ತು ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿ ಟೀಚರಿಗೆ ಕೈಮುಗಿದರು. ಮಾತ್ರೆ ಕೊಟ್ಟರು, ಸೊಳ್ಳೆಪರದೆ ಕಟ್ಟಿಸಿದರು, ಗುಣವಾಗುವ ತನಕ ದೋಣಿಯಲ್ಲೇ ಇರಿ ಎಂದರು. ದಿನಾ ಬೆಳಿಗ್ಗೆ ಅವರ ಬೋಟು ಬರುತ್ತಿತ್ತು, ಬರಿಗೈಯಲ್ಲಿ ಅಲ್ಲ.

"ಹಿಂದೆ ಕಳಿಸ್ತಾರೆ ಅಂದ್ಕೊಂಡೆ," ಎಂದರು ವಾಮನರು ಒಂದು ದಿನ. "ಇವರು ನೋಡಿದ್ರೆ ಎಳನೀರು ಕಳಿಸ್ತಾರೆ."

ಜ್ವರ ಬಿಟ್ಟು, ರಕ್ತದಲ್ಲಿ ಏನೂ ಇಲ್ಲವೆಂದಾದ ದಿನ ಟೀಚರ್ ತ್ರಿಕೋನವನ್ನು ಇಳಿಸಿ ನನ್ನೊಬ್ಬನನ್ನೇ ಏರಿಸಿದರು. ನನ್ನ ಮಾತು ಅಂದು ನಿಜವಾಗಿತ್ತು. ಅಪ್ಪಣೆ ಸಿಕ್ಕಿತು. ಬೆನ್ನಿನ ಕೆಳಗೆ ಬಟ್ಟೆಯಿಲ್ಲದ ನೀಲಿ ಅಂಗಿ ತೊಟ್ಟು ವಾಮನರು ಆ ನೆಲಕ್ಕೆ ಇಳಿದರು. ತ್ರಿಕೋನವನ್ನು ಡಾಕ್ಟರು ನೆನಪಿಗೆಂದು ಕೇಳಿ ಪಡೆದರು.

ಆಮೇಲೆ ಅನೇಕ ಬಂದರುಗಳಲ್ಲಿ ನನ್ನನ್ನು ಏರಿಸಿದರು. ಅಗಲ ಸಾಲದೆಂದು ಯಾರೂ ಆಕ್ಷೇಪಿಸಲಿಲ್ಲ. ಕೊನೆಗೆ ದೋಣಿಯನ್ನು ಗೋವಾದವರೊಬ್ಬರು ಕೊಂಡರು. ಅವರಲ್ಲಿ ನೈಲಾನ್ ಬಾವುಟವಿತ್ತು. ನಾನು ಎಂಜಿನ್ ಒರೆಸುವ ಬಟ್ಟೆಯಾದೆ. ಅದೂ ಕೆಲಸವೇ. ಒಮ್ಮೆ ಎಂಜಿನ್ ನೋಡಲು ಬಂದ ವಾಮನರು ಎಣ್ಣೆ ಡಬ್ಬಿಯ ಪಕ್ಕ ನನ್ನನ್ನು ಕಂಡು, ಕೂಲಿಯ ಬದಲು ನನ್ನನ್ನೇ ಕೇಳಿದರು. ಒಂದು ತುಂಡು ಬಟ್ಟೆ ಎಂದಿದ್ದವರು ಊರಿನ ತನಕ ನನ್ನನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ಬಂದರು.

ಟೀಚರ್ ಮೂರು ಸಲ ಒಗೆದರೂ ಕಲೆ ಪೂರ್ತಿ ಹೋಗಲಿಲ್ಲ. ಈಗ ಅವರ ಕಪಾಟಿನಲ್ಲಿ ಥರ್ಮಾಮೀಟರಿನ ಕೆಳಗೆ ಮಲಗಿದ್ದೇನೆ. ನನ್ನನ್ನು ಹೊಲಿದ ಕೈಗೂ, ಸುಳ್ಳು ಹೇಳಿಸದೆ ಕತ್ತರಿಸಿದ ಕೈಗೂ ನಾನು ಋಣಿ. ಅವೆರಡೂ ಒಂದೇ ಕೈ. ಒಳಗಿಡುವ ಮೊದಲು ಟೀಚರ್ ಹಳೆಯ ಸ್ಕೇಲು ತಂದು ನನ್ನನ್ನು ಅಳೆದರು. ಎತ್ತರ ಅರವತ್ತು ಸೆಂಟಿಮೀಟರ್, ಅಗಲ ನಲವತ್ತೆರಡು.